ಹೇರಿಗೆ ಒಂದು ವೀಸ: ಅಯ್ಯಾವೊಳೆ ವರ್ತಕರ ಸುಂಕದ ಲೆಕ್ಕ

ದಾನಶಾಸನಗಳಲ್ಲಿ ಪ್ರಶಸ್ತಿ, ವಂಶಾವಳಿ ಮುಗೀತಿದ್ದಂತೆ ಓದುಗರ ಕಣ್ಣು ನೇರ ಶಾಪಾಶಯಕ್ಕೆ ಜಾರುತ್ತೆ. ಸಂತೆಯ ನಿಜವಾದ ಲೆಕ್ಕ ಇರೋದು ನಡುವಿನ ಸಾಲುಗಳಲ್ಲಿ: ಅಡಕೆಯ ಹೇರಿಗೆ ಇಷ್ಟು, ಎಲೆಯ ಹೇರಿಗೆ ಇಷ್ಟು, ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ.

ನಾಣ್ಯ ಗೊತ್ತಿದ್ದರೆ ಈ ಸಾಲುಗಳು ಸುಲಭ. ಹತ್ತು ಪಣಕ್ಕೆ ಒಂದು ಗದ್ಯಾಣ. ಪಣದ ಕಾಲು ಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. (ಕಾರ್ಡಿನ ಮೇಲಿರೋ ವೀಸಾ ಅಲ್ಲ!) ಎಷ್ಟೋ ಕಡೆ 'ಲೊಕ್ಕಿ ಗದ್ಯಾಣ' ಅಂತ ಬಿಡಿಸಿ ಬರೆದಿದೆ, ಅಂದರೆ ಲಕ್ಕುಂಡಿ ಟಂಕಸಾಲೆಯದು. ಯಾವ ನಾಣ್ಯದಲ್ಲಿ ಕೊಡಬೇಕು ಅನ್ನೋದೂ ಕರಾರಿನ ಭಾಗವೇ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅರಸೊತ್ತಿಗೆಯ ಬಾಬ್ತು, ವಸೂಲಿಗೆ ಸುಂಕವೆರ್ಗಡೆ. ಇವಲ್ಲದೆ ವರ್ತಕರು ತಾವೇ ಕೂಡಿ ದೇವರಿಗೆ ಬಿಟ್ಟ ಆಯ ಬೇರೆ. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತು ನಾಡೆಲ್ಲ ತಿರುಗಿದ ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲಿ ಕಾಣೋದು ಈ ಎರಡನೆಯದು. ಕೊಡೋರೇ ದರ ಗೊತ್ತುಮಾಡಿ ಕಲ್ಲಲ್ಲಿ ಕೆತ್ತಿಸ್ತಿದ್ದರು.

ಇಳಕಲ್ಲಿನ ಸೀರೆ ವ್ಯಾಪಾರಿ ಗೆಳೆಯರೊಬ್ಬರು ತಮ್ಮ ಆನ್‌ಲೈನ್ ಮಾರಾಟದ ಪಾವತಿ ಪಟ್ಟಿ ತೋರಿಸಿದರು. ಕಮಿಷನ್, ಸಾಗಣೆ, ಹಣ ವಸೂಲಿ ಶುಲ್ಕ, ಇವುಗಳ ಮೇಲೆ 18% ಜಿಎಸ್‌ಟಿ, ಜೊತೆಗೆ ಟಿಸಿಎಸ್. ಈ ಟಿಸಿಎಸ್ 2018ರಲ್ಲಿ 1% ಇತ್ತು, 2024ರ ಜುಲೈಯಿಂದ 0.5%, ಅದನ್ನೇನೋ ಆಮೇಲೆ ತಾಳೆ ಹಾಕಿ ಪಡೀಬಹುದು. "ಸೀರಿ ವಾಪಸ್ ಬಂತಂದ್ರ ಎಷ್ಟು ಉಳಿತು ಅನ್ನೂದು ತಿಳಿಯಾಂಗಿಲ್ರೀ" ಅನ್ನೋದು ಅವರ ಸಂಕಟ. ದರ ಬದಲಾದಾಗ ಇವರನ್ನ ಯಾರೂ ಕೇಳಿಲ್ಲ. ನನಗೆ ದೊಡ್ಡ ವ್ಯತ್ಯಾಸ ಕಾಣೋದು ಇಲ್ಲೇ, ದರದ ಹೆಚ್ಚು ಕಡಿಮೆಯಲ್ಲಿ ಅಲ್ಲ.

ಹಾಗಂತ ಅದೇನು ಸ್ವರ್ಗ ಅಲ್ಲ. ಹೇರಿನ ಲೆಕ್ಕದಲ್ಲಿ ತೆತ್ತರೆ ಅಗ್ಗದ ಸರಕಿಗೆ ಹೊರೆ ಜಾಸ್ತಿ. ಅದಕ್ಕೇ ಸರಕಿಗೊಂದು ದರ. ರಟ್ಟರ ಕಾರ್ತವೀರ್ಯನ ಕಾಲದ 1204ರ ಬೆಳಗಾವಿ ಶಾಸನದಲ್ಲಿ ಸ್ಥಳೀಯರ ಜೊತೆ ಲಾಳ, ಮಲೆಯಾಳ ವರ್ತಕರೂ ಸೇರಿ ಬಸದಿಗೆ ಬಿಟ್ಟ ಆಯದ ಪಟ್ಟಿ ಉದ್ದಕ್ಕೆ ಸಾಗುತ್ತೆ. ಸುಮಾತ್ರಾದ ಬಾರುಸಿನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಇದೇ ಐನೂರ್ವರು ಹಡಗಿನವರಿಗೆ ಕಸ್ತೂರಿಯ ಬೆಲೆ ಹಿಡಿದು ಚಿನ್ನದಲ್ಲಿ ತೆರಿಗೆ ಹಾಕಿದ್ದಾರೆ.

ನಿಮ್ಮೂರ ಶಾಸನದ ಫೋಟೊ ತೆಗೆಯುವಾಗ ಕೆಳಗಿನ ಸಾಲುಗಳನ್ನೂ ಬಿಡಬೇಡಿ. ಹೇರು, ಹಾಗ, ವೀಸಗಳಿರೋ ಭಾಗ ಎಷ್ಟೋ ಕಡೆ ಮಣ್ಣಲ್ಲಿ ಹೂತಿರುತ್ತೆ.