ಓಲ್ಡ್‌ಹ್ಯಾಮ್, ಸ್ಪೂನರ್

ಅಮೆರಿಕದ ಅಲಬಾಮಾ ರಾಜ್ಯದ ಕೀಬೋರ್ಡ್ ವಾದಕ, ಗೀತರಚನೆಕಾರ (ಜನನ 1943). ಡ್ಯಾನ್ ಪೆನ್ ಜೊತೆ ಬರೆದ ‘ಐಯಾಮ್ ಯುವರ್ ಪಪೆಟ್’ (1966) ಹೆಸರುವಾಸಿ. ಆದರೆ ಇವರ ದೊಡ್ಡ ಕೊಡುಗೆ ರಚನೆಕಾರರ ಪಟ್ಟಿಯಲ್ಲಿ ಕಾಣುವುದೇ ಇಲ್ಲ. 1967ರ ಜನವರಿಯಲ್ಲಿ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೋದಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ‘ಐ ನೆವರ್ ಲವ್ಡ್ ಎ ಮ್ಯಾನ್’ ಹಾಡಿಗೆ ಎತ್ತುಗಡೆ ಸಿಗದೆ ವಾದಕರು ತಡಕಾಡುತ್ತಿದ್ದಾಗ, ಓಲ್ಡ್‌ಹ್ಯಾಮ್ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋದಲ್ಲಿ ಹಿಡಿದ ಸ್ವರಗುಚ್ಛದ ಮೇಲೆ ಇಡೀ ಹಾಡು ನಿಂತಿತು. ರಚನೆಕಾರರೆಂದು ನಮೂದಾದದ್ದು ರಾನಿ ಶ್ಯಾನನ್ ಒಬ್ಬರೇ. ಗೆದ್ದದ್ದು ಅರೀಥಾ ಕಂಠವಲ್ಲವೇ ಎನ್ನಬಹುದು. ಆದರೆ ಅದೇ ಕಂಠ ಅದಕ್ಕೂ ಮೊದಲು ಕೊಲಂಬಿಯಾ ಧ್ವನಿಮುದ್ರಣ ಕಂಪನಿಯಲ್ಲಿ ವರ್ಷಗಟ್ಟಲೆ ಹಾಡಿಯೂ ಇಂಥ ಯಶಸ್ಸು ಕಂಡಿರಲಿಲ್ಲ. ಈ ಹಾಡಿನ ವೇಳೆಗೆ ಕಂಪನಿ, ನಿರ್ಮಾಪಕ ಬದಲಾದದ್ದೂ ಕಾರಣವೇ, ನಿಜ. ಆ ಬದಲಾವಣೆ ಕಿವಿಗೆ ಬಿದ್ದದ್ದು ಮಾತ್ರ ಈ ವಾದಕರ ಕೈಯಿಂದ. 2009ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಓಲ್ಡ್‌ಹ್ಯಾಮ್ ಅವರನ್ನು ಪಕ್ಕವಾದ್ಯಗಾರರ ವಿಭಾಗದಲ್ಲಿ ಸೇರಿಸಿಕೊಂಡಿತು.