ಎಂಜಿನ್ ಬದಲಾಯ್ತು, ಗಾಡಿ ಯಾಕೆ ಸ್ಟಾರ್ಟ್ ಆಗ್ತಿಲ್ಲ? ನೂರು ವರ್ಷದ ಕತೆ

ಇವತ್ತಿನ ಕಂತಿನ ವಿಷಯ ಗ್ಯಾರೇಜಿನದ್ದು. ಆದ್ರೆ ಹೇಳ್ತಿರೋದು ಇತಿಹಾಸ.

ಹಳೇ ಎಂಜಿನ್ ಕೈಕೊಟ್ಟಿದೆ ಅಂದ್ಕೊಳ್ಳಿ. ಗುಜರಿಯಿಂದಲೋ, ಆಕ್ಸಿಡೆಂಟ್ ಆದ ಗಾಡಿಯಿಂದಲೋ ಇನ್ನೊಂದು ಎಂಜಿನ್ ತಂದು ಕೂರಿಸಿದ್ದಾರೆ. ಬೋಲ್ಟ್ ಬಿಗಿ ಆಯ್ತು, ಪೈಪು, ವೈರು ಜೋಡಿಸಿದ್ದಾಯ್ತು, ಆಯಿಲ್ ಹಾಕಿದ್ದಾಯ್ತು. ಕೀ ತಿರುಗಿಸಿದ್ರೆ ಗಾಡಿ ಸ್ಟಾರ್ಟ್ ಆಗಲ್ಲ. ಬಿಚ್ಚೋ ಮೊದಲು ಚೆನ್ನಾಗಿ ಓಡ್ತಿದ್ದ ಎಂಜಿನ್ನೇ ಅದು. ಹಾಗಾದ್ರೆ ಏನಾಯ್ತು?

ಇದಕ್ಕೆ 1910ರಲ್ಲಿ ಒಂದು ಉತ್ತರ ಇತ್ತು, 1931ರ ನಂತರ ಇನ್ನೊಂದು ಸೇರಿಕೊಳ್ತು, 1998ರ ನಂತರ ಮತ್ತೊಂದು. ಸ್ಟಾರ್ಟ್ ಆಗದಿರೋ ಪ್ರತಿ ಕಾರಣಕ್ಕೂ ಒಂದು ಹುಟ್ಟಿದ ವರ್ಷ ಇದೆ. ಅನುಭವಿ ಮೆಕ್ಯಾನಿಕ್ ಹಂತಹಂತವಾಗಿ ಹುಡುಕುವಾಗ, ತನಗೆ ಗೊತ್ತಿಲ್ಲದೆಯೇ ಈ ಇತಿಹಾಸವನ್ನ ಓದ್ತಾ ಹೋಗ್ತಾರೆ.

ಮೊದಲು ಕಿಡಿ. 1902ರಲ್ಲಿ ಜರ್ಮನಿಯ ಬಾಷ್ ಕಂಪನಿ ಹೈ ವೋಲ್ಟೇಜ್ ಮ್ಯಾಗ್ನೆಟೊ ತಂತು. ಬ್ಯಾಟರಿಯ ಹಂಗಿಲ್ಲದೆ, ಎಂಜಿನ್ ತಿರುಗಿದಾಗ ತಾನೇ ಕಿಡಿ ಹುಟ್ಟಿಸೋ ಸಾಧನ ಅದು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲಾಕ್ ಕಾರಿಗೆ ಬ್ಯಾಟರಿ ಮತ್ತು ಕಾಯಿಲ್ ಬಳಸೋ ಇಗ್ನಿಷನ್ ರೂಪಿಸಿದರು. ನಮ್ಮ ಮೆಕ್ಯಾನಿಕ್‌ಗಳು ‘ಪಾಯಿಂಟ್, ಕಾಯಿಲ್, ಡಿಸ್ಟ್ರಿಬ್ಯೂಟರ್’ ಅಂತಿದ್ದರಲ್ಲ, ಆ ವಂಶದ ಮೂಲ ಇದು.

ಎಂಜಿನ್ ಬದಲಿಸಿದಾಗ ಇಲ್ಲಿ ಆಗೋ ಎಡವಟ್ಟು ಬಹಳ ಹಳೇದು. ನಾಲ್ಕು ಸ್ಟ್ರೋಕಿನ ಎಂಜಿನ್ನಲ್ಲಿ ಪಿಸ್ಟನ್ ಎರಡು ಸಲ ಮೇಲಕ್ಕೆ ಬರುತ್ತೆ. ಒಮ್ಮೆ ಪೆಟ್ರೋಲು, ಗಾಳಿಯನ್ನ ಒತ್ತಲು, ಇನ್ನೊಮ್ಮೆ ಹೊಗೆ ಹೊರಹಾಕಲು. ಹೊಗೆ ಹೊರಹಾಕೋ ಹೊತ್ತನ್ನ ಒತ್ತೋ ಹೊತ್ತು ಅಂದ್ಕೊಂಡು ಡಿಸ್ಟ್ರಿಬ್ಯೂಟರ್ ಕೂರಿಸಿದ್ರೆ ಕಿಡಿ ಬರುತ್ತೆ, ಪೆಟ್ರೋಲೂ ಬರುತ್ತೆ. ಆದ್ರೆ ಒಂದು ಸುತ್ತು ತಪ್ಪಿ ಬರುತ್ತೆ. ಕಾರ್ಬ್ಯುರೇಟರಲ್ಲೋ ಸೈಲೆನ್ಸರಲ್ಲೋ ‘ಢಂ’ ಅನ್ನುತ್ತೆ ಅಷ್ಟೆ. ಪತ್ತೆ ಮಾಡೋದು ಸುಲಭ. ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಬೆರಳಿಟ್ಟು, ಎಂಜಿನ್ನನ್ನ ಕೈಯಲ್ಲಿ ತಿರುಗಿಸೋದು. ಗಾಳಿ ಬೆರಳನ್ನ ತಳ್ಳಿದ್ರೆ ಅದೇ ಸರಿಯಾದ ಸುತ್ತು. ಉಪಕರಣ ಅಂದ್ರೆ ಒಂದು ಬೆರಳು!

1912ರ ಮಾಡೆಲಿನ ಕ್ಯಾಡಿಲಾಕ್‌ಗೆ ಅದೇ ಕೆಟರಿಂಗ್ ಎಲೆಕ್ಟ್ರಿಕ್ ಸ್ಟಾರ್ಟರ್ ಕೊಟ್ಟರು. ನಮ್ಮ ಬಾಯಲ್ಲಿ ಅದು ‘ಸೆಲ್ಫ್’. ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ವಾಪಸ್ ಹೊಡೆದು ಕೈ ಮುರೀತಿದ್ದ ಕಾಲ ಮುಗೀತಾ ಬಂತು. ಬದಲಿಗೆ ಹೊಸ ಅಗತ್ಯ ಹುಟ್ಟಿತು. ಸೆಲ್ಫ್‌ಗೆ ನೂರಾರು ಆಂಪಿಯರ್ ಕರೆಂಟ್ ಬೇಕು, ಆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ದಾರಿಯೂ ಬೇಕು.

ಆ ದಾರಿಯ ಸಮಸ್ಯೆ ಎದ್ದಿದ್ದು ಸುಖ ಪ್ರಯಾಣದಿಂದ. ಮೊದಲೆಲ್ಲ ಎಂಜಿನ್ನನ್ನ ನೇರವಾಗಿ ಚಾಸಿಗೆ ಬೋಲ್ಟ್ ಮಾಡ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ತಾಗ್ತಿತ್ತು, ಕರೆಂಟ್ ಹರೀತಿತ್ತು, ಜೊತೆಗೆ ಗಾಡಿಯೆಲ್ಲ ನಡುಗ್ತಿತ್ತು. 1931ರಲ್ಲಿ ಕ್ರೈಸ್ಲರ್ ಕಂಪನಿ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಅಂತ ರಬ್ಬರ್ ಮೌಂಟಿಂಗ್ ತಂತು. ಫ್ರಾನ್ಸಿನ ಸಿಟ್ರೊಯೆನ್ ಅದರ ಹಕ್ಕು ಪಡೆದು, ಹಂಸದ ಚಿಹ್ನೆ ಹಾಕಿ ಪ್ರಚಾರ ಮಾಡಿತು. ನಡುಕ ಕಡಿಮೆ ಆಯ್ತು. ಆದ್ರೆ ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಹಾಗಾಗಿ ಎಂಜಿನ್ನಿಗೂ ಬಾಡಿಗೂ ನಡುವೆ ಒಂದು ಅರ್ಥಿಂಗ್ ಪಟ್ಟಿ ಬೇಕೇ ಬೇಕು.

ಎಂಜಿನ್ ಇಳಿಸುವಾಗ ಬಿಚ್ಚಿಟ್ಟು, ಏರಿಸುವಾಗ ಮರೆಯೋದು ಇದನ್ನೇ. ಲಕ್ಷಣ ವಿಚಿತ್ರವಾಗಿರುತ್ತೆ. ಹೆಡ್‌ಲೈಟ್ ಉರಿಯುತ್ತೆ, ಹಾರ್ನ್ ಬಡಿಯುತ್ತೆ, ಸೆಲ್ಫ್ ಮಾತ್ರ ‘ಟಕ್’ ಅಂದು ಸುಮ್ಮನಾಗುತ್ತೆ. ಕೆಲವು ಸಲ ಕರೆಂಟ್ ಬೇರೆ ದಾರಿ ಹುಡುಕಿ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಮೂಲಕ ಹರಿದು, ಕೇಬಲ್ ಕೈ ಸುಡೋಷ್ಟು ಬಿಸಿಯಾಗುತ್ತೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನ ಎಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೀರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಅರ್ಥಿಂಗ್ ಸರಿಯಿಲ್ಲ. ಹೊಸ ಬ್ಯಾಟರಿ, ಹೊಸ ಸೆಲ್ಫ್ ಅಂತ ದುಡ್ಡು ಸುರಿಯೋ ಮೊದಲು ಮಾಡಬೇಕಾದ ಪರೀಕ್ಷೆ ಇದು.

ಡೀಸೆಲ್ ದಾರಿ ಬೇರೆ. ಅಲ್ಲಿ ಕಿಡಿಯೇ ಇಲ್ಲ. ಬಾಷ್ 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿತು. 1951ರಲ್ಲಿ ಅದೇ ಬಾಷ್ ನಂಟಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಭಾರತದಲ್ಲಿ ಹುಟ್ಟಿತು. ಬೆಂಗಳೂರಿನವರಿಗೆ ಅದು ಆಡುಗೋಡಿಯ ‘ಮೈಕೊ’. ಪೆಟ್ರೋಲ್ ಜೀಪು, ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸೋದು ನಮ್ಮ ಗ್ಯಾರೇಜುಗಳಲ್ಲಿ ದಶಕಗಳ ಕಾಲ ನಡೆದ ಕೆಲಸ. ಹಾಗೆ ಕೂರಿಸಿದ ಮೇಲೆ ಸ್ಟಾರ್ಟ್ ಆಗದಿದ್ರೆ ಮೊದಲ ಅನುಮಾನ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಮೇಲೆ. ಡೀಸೆಲನ್ನ ಒತ್ತಿದ್ರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಹಾಗಾಗಿ ಪಂಪ್ ಎಷ್ಟು ತಳ್ಳಿದ್ರೂ ನಾಝಲ್ ಬಾಯಿ ತೆರೆಯಲ್ಲ. ನಟ್ ಸಡಿಲಿಸಿ, ಗುಳ್ಳೆ ನಿಲ್ಲೋವರೆಗೆ ‘ಏರ್ ತೆಗೆಯೋದೇ’ ಪರಿಹಾರ.

ಇಲ್ಲಿವರೆಗಿನ ಎಲ್ಲ ತೊಂದರೆಗಳೂ ಕಣ್ಣು, ಕಿವಿ, ಬೆರಳಿಗೆ ಸಿಗುವಂಥವು. 1979ರಲ್ಲಿ ಬಾಷ್‌ನ ಮೋಟ್ರಾನಿಕ್ ವ್ಯವಸ್ಥೆ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂತು. ಪೆಟ್ರೋಲು, ಕಿಡಿ ಎರಡನ್ನೂ ಒಂದೇ ಕಂಪ್ಯೂಟರ್ ಲೆಕ್ಕ ಹಾಕೋಕೆ ಶುರು ಮಾಡಿತು. ಎಂಜಿನ್ ಯಾವ ಸ್ಥಿತಿಯಲ್ಲಿದೆ ಅಂತ ಅದಕ್ಕೆ ತಿಳಿಯೋದು ಕ್ರ್ಯಾಂಕಿನ ಜೊತೆ ತಿರುಗೋ ಹಲ್ಲುಚಕ್ರವನ್ನ ಎಣಿಸೋ ಸೆನ್ಸರಿನಿಂದ. ಅಮೆರಿಕದಲ್ಲಿ ಎಂಜಿನ್ ಬದಲಿಸೋರ ಅಚ್ಚುಮೆಚ್ಚಿನದ್ದು ಜನರಲ್ ಮೋಟಾರ್ಸ್‌ನ ಎಲ್ಎಸ್ ಎಂಜಿನ್, ಅದು ಬಂದಿದ್ದು 1997ರಲ್ಲಿ. ಅದರಲ್ಲೇ ಎರಡು ಬಗೆ ಇದೆ. ಹಳೇದಕ್ಕೆ 24 ಗುರುತಿನ ಚಕ್ರ, ಹೊಸದಕ್ಕೆ 58. ಒಂದರ ಕಂಪ್ಯೂಟರಿಗೆ ಇನ್ನೊಂದರ ಎಂಜಿನ್ ಜೋಡಿಸಿದ್ರೆ ಸೆಲ್ಫ್ ತಿರುಗುತ್ತೆ, ಎಂಜಿನ್ ಹತ್ತಲ್ಲ. ಹೊರಗಿಂದ ನೋಡಿದ್ರೆ ಎರಡೂ ಬಹುತೇಕ ಒಂದೇ ಥರ.

ಇನ್ನು ಕೊನೇ ಹಂತ, ಕೀ. 1986ರ ಕಾರ್ವೆಟ್ ಕಾರಿನ ಕೀಯಲ್ಲಿ ಜನರಲ್ ಮೋಟಾರ್ಸ್ ಒಂದು ಪುಟ್ಟ ರೆಸಿಸ್ಟರ್ ಇಟ್ಟಿತು. ಅದು 15 ಅಳತೆಗಳಲ್ಲಿ ಬರ್ತಿತ್ತು. ತಪ್ಪು ಕೀ ಹಾಕಿದ್ರೆ ಕೆಲ ನಿಮಿಷ ಗಾಡಿ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಜರ್ಮನಿಯಲ್ಲಿ ಗೋಡೆ ಬಿದ್ದ ಮೇಲೆ ಕಾರು ಕಳ್ಳತನ ಏರಿತು, 1995ರಿಂದ ವಿಮಾ ಕಂಪನಿಗಳು ಇಮ್ಮೊಬಿಲೈಸರ್ ಬೇಕೇ ಬೇಕು ಅಂದವು. 1998ರ ಅಕ್ಟೋಬರಿನಿಂದ ಯುರೋಪಿನ ಹೊಸ ಕಾರುಗಳಿಗೆ ಅದು ಕಡ್ಡಾಯ ಆಯ್ತು.

ಈಗ ಕೀ ಒಳಗಿನ ಚಿಪ್ ಹೇಳೋ ಸಂಕೇತ ಕಂಪ್ಯೂಟರಿನ ನೆನಪಿನಲ್ಲಿರೋದಕ್ಕೆ ಹೊಂದಬೇಕು. ಬೇರೆ ಗಾಡಿಯ ಎಂಜಿನ್ ಜೊತೆ ಅದರ ಕಂಪ್ಯೂಟರನ್ನೂ ತಂದ್ರೆ ಅದು ನಿಮ್ಮ ಕೀಯನ್ನ ಗುರುತಿಸಲ್ಲ. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಹತ್ತಿ, ಒಂದೆರಡು ಸೆಕೆಂಡಿಗೆ ಆರಿಹೋಗುತ್ತೆ. ಪೆಟ್ರೋಲ್ ಪಂಪ್ ಹಾಳಾಗಿದೆ ಅಂತ ಅದನ್ನ ಬದಲಿಸ್ತಾರೆ, ಉಪಯೋಗ ಇಲ್ಲ. ಅದೇ ಬಗೆಯ ಎಂಜಿನ್ ಆಗಿದ್ರೆ ಗಾಡಿಯ ಹಳೇ ಕಂಪ್ಯೂಟರನ್ನೇ ಉಳಿಸಿಕೊಳ್ಳಬೇಕು. ಇಲ್ಲಾಂದ್ರೆ ಕೀ, ಲಾಕ್, ಇಮ್ಮೊಬಿಲೈಸರ್, ಕಂಪ್ಯೂಟರ್ ನಾಲ್ಕನ್ನೂ ಒಂದೇ ಗಾಡಿಯಿಂದ ತರಬೇಕು. ಅದೂ ಆಗದಿದ್ರೆ ಕಂಪನಿಯ ಸಾಫ್ಟ್‌ವೇರ್ ಇರೋರ ಹತ್ತಿರ ಹೋಗಬೇಕು.

ಇಲ್ಲೇ ಇತಿಹಾಸ ತಿರುವು ತಗೊಂಡಿದ್ದು. ಮೊದಲಿನ ಎಲ್ಲದರಲ್ಲೂ ಏನೋ ಒಂದು ಕೆಟ್ಟಿತ್ತು ಅಥವಾ ತಪ್ಪಿತ್ತು. ಇಲ್ಲಿ ಏನೂ ಕೆಟ್ಟಿಲ್ಲ. ಗಾಡಿ ಅನುಮತಿ ಕೊಡ್ತಿಲ್ಲ ಅಷ್ಟೆ. ಕಳ್ಳನಿಗೆ ಹಾಕಿದ ಬೇಲಿ ಬೀದಿ ಬದಿಯ ಮೆಕ್ಯಾನಿಕನ್ನೂ ಹೊರಗೆ ನಿಲ್ಲಿಸಿತು. ಗಟ್ಟಿಮುಟ್ಟಾದ ಎಂಜಿನ್ ಎದುರಿಗಿದ್ರೂ, ಕೈಯಲ್ಲಿ ಕೆಲಸ ಗೊತ್ತಿದ್ರೂ, ಪಾಸ್‌ವರ್ಡ್ ಇನ್ಯಾರದ್ದೋ ಹತ್ತಿರ.

ಆ ಬೀಗದ ಕೀ ಯಾರ ಹತ್ತಿರ ಇರಬೇಕು ಅನ್ನೋ ಜಗಳ ಈಗ ನಡೀತಿದೆ. ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ 2012ರಲ್ಲಿ ಮತದಾರರು ರಿಪೇರಿ ಹಕ್ಕಿನ ಪರ ನಿಂತರು. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಇನ್ನೊಂದು ಕಡೆ, ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಎಂಜಿನ್ ಕೊಳ್ಳೋ ಮೊದಲೇ ಆರ್‌ಟಿಒ ಅನುಮತಿ ಕೇಳಿ. ಗಾಡಿ ಸ್ಟಾರ್ಟ್ ಆದ್ರೂ ಕಾಗದ ಸರಿ ಇಲ್ಲದಿದ್ರೆ ರಸ್ತೆಗೆ ಇಳಿಸೋಕೆ ಆಗಲ್ಲ.