ಮೃಣ್ಮಯಿ ಬೆಳೆದ ಬಗೆ

ಹುಡುಗಿ ‘ದೊಡ್ಡವಳಾದಳು’ ಎಂದರೆ ನಮ್ಮ ಮಾತಿನಲ್ಲಿ ಅದು ಮೈಯ ಸಂಗತಿ. ಮನಸ್ಸು ದೊಡ್ಡದಾಗುವ ದಿನ ಯಾವುದು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸರ್ಕಾರ ವಯಸ್ಸಿನ ಲೆಕ್ಕದಲ್ಲಿ ತೊಡಗಿದ್ದಾಗ, ಬಂಗಾಳದ ಒಂದು ಸಣ್ಣ ಕಥೆ ಈ ಪ್ರಶ್ನೆಯನ್ನು ಎತ್ತಿಕೊಂಡಿತು.

ಮೊದಲು ಕಾನೂನಿನ ಮಾತು. 1890ರಲ್ಲಿ ಕಲ್ಕತ್ತೆಯ ನ್ಯಾಯಾಲಯಕ್ಕೆ ಒಂದು ಮೊಕದ್ದಮೆ ಬಂದಿತು. ಫೂಲ್‌ಮಣಿ ಎಂಬ, ಹನ್ನೊಂದರ ಆಸುಪಾಸಿನ ಬಾಲವಧು ಗಂಡನ ಬಲವಂತಕ್ಕೆ ಸಿಕ್ಕಿ ಸತ್ತಿದ್ದಳು. ಹೆಂಡತಿಗೆ ಹತ್ತು ತುಂಬಿದ್ದರೆ ಗಂಡನ ಮೇಲೆ ಬಲಾತ್ಕಾರದ ಆರೋಪ ಆಗ ನಿಲ್ಲುತ್ತಿರಲಿಲ್ಲ. ಕೋಲಾಹಲವೆದ್ದಿತು. 1891ರ ಮಾರ್ಚ್ ತಿಂಗಳಲ್ಲಿ ಆ ಮಿತಿಯನ್ನು ಹನ್ನೆರಡಕ್ಕೆ ಏರಿಸಲಾಯಿತು. ಮುಂಬಯಿಯ ಬೆಹರಾಂಜಿ ಮಲಬಾರಿಯವರು ಸುಧಾರಣೆಗಾಗಿ ಹೋರಾಡಿದರು. ಪರಕೀಯ ಸರ್ಕಾರ ನಮ್ಮ ಆಚಾರದಲ್ಲಿ ಕೈಹಾಕಬಾರದೆಂದು ತಿಲಕರು ವಿರೋಧಿಸಿದರು. ಹತ್ತೋ ಹನ್ನೆರಡೋ ಎಂಬ ಈ ವಾದದಲ್ಲಿ ಹುಡುಗಿಯ ಮನಸ್ಸನ್ನು ಕೇಳಿದವರು ವಿರಳ.

ಎರಡು ವರ್ಷಗಳ ತರುವಾಯ, 1893ರಲ್ಲಿ, ರವೀಂದ್ರನಾಥ ಠಾಕೂರರ ‘ಸಮಾಪ್ತಿ’ ಎಂಬ ಕಥೆ ‘ಸಾಧನಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆತನದ ಜಮೀನ್ದಾರಿಯನ್ನು ನೋಡಿಕೊಳ್ಳುತ್ತ, ಪದ್ಮಾ ನದಿಯ ಸೀಮೆಯಲ್ಲಿ ದೋಣಿಯ ಮೇಲೆ ಓಡಾಡುತ್ತ, ಅವರು ಹಳ್ಳಿಯ ಬಾಳನ್ನು ಹತ್ತಿರದಿಂದ ಕಂಡ ಕಾಲ ಅದು.

ಕಥೆಯ ಮೃಣ್ಮಯಿ ಹುಡುಗರ ಜೊತೆ ಆಡಿಕೊಂಡಿದ್ದ ತುಂಟಿ. ಬಿ.ಎ. ಪರೀಕ್ಷೆ ಮುಗಿಸಿ ಊರಿಗೆ ಬಂದ ಅಪೂರ್ವಕೃಷ್ಣ ದೋಣಿಯಿಂದಿಳಿದು ಕೆಸರಿನಲ್ಲಿ ಜಾರಿಬಿದ್ದಾಗ ಗೊಳ್ಳೆಂದು ನಕ್ಕವಳು ಅವಳೇ. ಅವನು ಅವಳನ್ನೇ ಮದುವೆಯಾದ. ಆಕೆಗೆ ಮಾತ್ರ ಅದು ಸೆರೆ. ಓಡಿಹೋದಳು, ಹಟ ಹಿಡಿದಳು. ಅಪೂರ್ವ ಬಲವಂತ ಮಾಡಲಿಲ್ಲ. ದೂರದ ಊರಿನಲ್ಲಿ ಕೆಲಸಕ್ಕಿದ್ದ ಅವಳ ತಂದೆಯ ಬಳಿಗೆ, ತನ್ನ ತಾಯಿಗೂ ತಿಳಿಯದಂತೆ, ದೋಣಿಯಲ್ಲಿ ಕರೆದೊಯ್ದ. ಕಲ್ಕತ್ತೆಗೆ ಹೊರಡುವಾಗ ಒಂದು ಮುತ್ತು ಕೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಕಸಿದುಕೊಳ್ಳದೆ ಹೊರಟುಹೋದ.

ಮೃಣ್ಮಯಿ ಬೆಳೆದದ್ದು ಆಮೇಲೆ. ತವರಿನಲ್ಲಿ ಹಳೆಯ ಆಟ ರುಚಿಸಲಿಲ್ಲ. ತಾನಾಗಿಯೇ ಅತ್ತೆಯ ಮನೆಗೆ ಮರಳಿದಳು. ಗಂಡನಿಗೆ ಕಾಗದವನ್ನೂ ಬರೆದಳು. ಆದರೆ ಲಕೋಟೆಯ ಮೇಲೆ ಹೆಸರಲ್ಲದೆ ವಿಳಾಸವೂ ಬೇಕೆಂದು ಆ ಮುಗ್ಧೆಗೆ ತಿಳಿದಿರಲಿಲ್ಲ! ಕೊನೆಗೆ ಅತ್ತೆಯೊಡನೆ ಕಲ್ಕತ್ತೆಗೆ ಹೋಗಿ, ಅಂದು ಉಳಿದಿದ್ದ ಮುತ್ತನ್ನು ತಾನಾಗಿ ಕೊಟ್ಟಳು. ಅದೇ ‘ಸಮಾಪ್ತಿ’. ಸತ್ಯಜಿತ್ ರಾಯ್ ಅವರು 1961ರಲ್ಲಿ ‘ತೀನ್ ಕನ್ಯಾ’ ಚಿತ್ರದಲ್ಲಿ ಈ ಕಥೆಯನ್ನು ತೆರೆಗೆ ತಂದರು.

ಇಂಥ ಕಥೆಯನ್ನು ಬರೆದವರ ಮನೆಯಲ್ಲಿ ನಡೆದದ್ದೇನು? 1883ರಲ್ಲಿ ರವೀಂದ್ರರ ಕೈಹಿಡಿದ ಮೃಣಾಲಿನೀದೇವಿಯವರಿಗೆ ಆಗ ಸುಮಾರು ಹತ್ತು ವರ್ಷ. ಆ ಕಾನೂನು ಬಂದ ವರ್ಷವೇ ಹುಟ್ಟಿದ ಮಗಳು ರೇಣುಕೆಗೆ 1901ರಲ್ಲಿ, ಹನ್ನೊಂದು ತುಂಬುವ ಮೊದಲೇ, ಅವರು ಮದುವೆ ಮಾಡಿದರು. 1903ರಲ್ಲಿ ಆ ಹುಡುಗಿ ಕಾಯಿಲೆಯಿಂದ ತೀರಿಕೊಂಡಳು. ಕಥೆಯಲ್ಲಿ ಕಾದ ಕೈ ಮನೆಯಲ್ಲಿ ಕಾಯಲಿಲ್ಲ. ಕವಿಯನ್ನು ಹಳಿಯುವುದಕ್ಕಾಗಿ ಈ ಮಾತಲ್ಲ. ರೂಢಿಯ ಹಿಡಿತ ಎಷ್ಟು ಬಿಗಿಯಾಗಿತ್ತೆಂಬುದನ್ನು ತಿಳಿಯುವುದಕ್ಕೆ.

ನಮ್ಮ ಮೈಸೂರು ಸಂಸ್ಥಾನವೂ ಸುಮ್ಮನಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ವರಿಸುವುದನ್ನೂ ಇಲ್ಲಿ ನಿಷೇಧಿಸಲಾಯಿತು. ಎಂಟು! ಇಂದು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅಂದು ಅಷ್ಟೂ ದೊಡ್ಡ ಹೆಜ್ಜೆಯೇ. 1929ರ ಶಾರದಾ ಕಾಯಿದೆ ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ತಂದಿತು. 1978ರಲ್ಲಿ ಅದು ಹದಿನೆಂಟಾಯಿತು.

ಈ ಅಂಕಿಗಳು ಬೇಲಿಯಿದ್ದಂತೆ. ಬೇಲಿಯಿಲ್ಲದೆ ಫೂಲ್‌ಮಣಿಯಂಥವರಿಗೆ ರಕ್ಷಣೆಯಿಲ್ಲ. ಆದರೆ ಇಷ್ಟರೊಳಗೆ ಕೂಡದೆಂದು ಕಾನೂನು ಹೇಳಬಲ್ಲುದೇ ಹೊರತು, ಮನಸ್ಸು ಒಪ್ಪಿತೆಂದು ಅದು ಹೇಳಲಾರದು. ಅದನ್ನು ಹುಡುಗಿಯೇ ಹೇಳಬೇಕು. ಹೇಳುವವರೆಗೆ ನಾವು ಕಾಯಬೇಕು. ನಿಮ್ಮ ಮನೆಯಲ್ಲಿ ಮಗಳ ಮದುವೆಯ ಮಾತು ಬಂದಾಗ, ಜಾತಕ ಬಿಚ್ಚುವ ಮುನ್ನ ಅವಳನ್ನೊಮ್ಮೆ ಕೇಳಿ.